ಹರಿತ ಮಾಡಬಾರದ ಹಲ್ಲು

ಏಳನೆಯ ಹೊಲಿಗೆ ಹಾಕುವಷ್ಟರಲ್ಲಿ ದಾರ ಮತ್ತೆ ಗಂಟಾಯಿತು. ಮಲಕವ್ವ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಗಂಡನ ಅಂಗಿಯನ್ನು ಬೆಳಕಿಗೆ ಹಿಡಿದಳು. ಹರಕು ಕಾಲರಿನ ಬುಡದಲ್ಲಿ ಶುರುವಾಗಿ, ಎಡ ಭುಜವನ್ನು ದಾಟಿ, ಕಂಕುಳ ತನಕ ಇಳಿದಿತ್ತು. ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರಲಿಲ್ಲ. ನಾಯಿ ಹಿಡಿದು ಎಳೆದಂತಿತ್ತು. ನೂಲಿನ ನಡುವೆ ಸಿಕ್ಕಿಕೊಂಡಿದ್ದ ಬೇವಿನ ಚಕ್ಕೆಗಳನ್ನು ಉಗುರಿನಿಂದ ಎತ್ತಿ ಬದಿಗಿಟ್ಟಳು. ಆಮೇಲೆ, ಹರಕಿಗೂ ಕುತ್ತಿಗೆ ಬರುವ ಜಾಗಕ್ಕೂ ಎಷ್ಟು ದೂರ ಎಂದು ಬೆರಳಿಟ್ಟು ಅಳೆದಳು. ಎರಡು ಬೆರಳು.

ಹಿಂದಿನ ದಿನ ಅವಳ ಗಂಡ ಶಂಕ್ರೆಪ್ಪ ತಿಕೋಟಾದ ತನ್ನ ಕಟ್ಟಿಗೆ ಅಡ್ಡೆಯಲ್ಲಿ ಬೇವಿನ ದಿಮ್ಮಿ ಕೊಯ್ಯುತ್ತಿದ್ದ. ಎಪ್ಪತ್ತಾರರಲ್ಲಿ ಮುಂಬಯಿಯಿಂದ ತಂದ ಎಂಜಿನ್ ಗರಗಸ ಅದು. ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಚೈನು ಗಿರಗಿರನೆ ತಿರುಗಿ ಕೊಯ್ಯುತ್ತದೆ. ಆ ಪಟ್ಟಿಯ ಮೂಗು, ಅಂದರೆ ತುದಿ, ಹಿಂದೆ ಬಿದ್ದಿದ್ದ ಇನ್ನೊಂದು ದಿಮ್ಮಿಗೆ ತಾಗಿತು ಎಂದು ಆಳುಗಳು ಹೇಳಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಷೀನು ಮೇಲಕ್ಕೆ ಜಿಗಿದು, ಹಿಡಿದವನ ಕಡೆಗೇ ತಿರುಗಿತು. ಅಂಗಿ ಹರಿಯಿತು, ಭುಜದ ಮೇಲೆ ಒಂದು ಗೀರು ಬಿತ್ತು. ಶಂಕ್ರೆಪ್ಪ ಮನೆಗೆ ಬಂದು, "ಕಟಗ್ಯಾಗ ಮೊಳಿ ಇತ್ತು" ಎಂದಷ್ಟೇ ಹೇಳಿ, ಅರಿಶಿನ ಹಚ್ಚಿಸಿಕೊಂಡು ಉಂಡು ಮಲಗಿದ. ದಸರೆ ಮುಗಿದ ಮೇಲೆ ಇದು ಮೂರನೆಯ ಸಲ.

"ಮೊಳಿ ಅಲ್ಲ, ದೃಷ್ಟಿ" ಎಂದಳು ಅತ್ತೆ ಗೌರಾಬಾಯಿ. ಪಡಸಾಲೆಯಲ್ಲಿ ಕುಳಿತು ಲಿಂಬೆಹಣ್ಣಿಗೆ ಮೆಣಸಿನಕಾಯಿ ಪೋಣಿಸುತ್ತಿದ್ದಳು. "ಊರಾಗ ಒಬ್ಬರ ಕಡೆನೂ ಇಲ್ಲ, ನಮ್ಮ ಕಡೆ ಐತಿ. ಮಂದಿ ಕಣ್ಣು ಸುಮ್ಮ ಇರ್ತಾವೇನು? ಮಷೀನಿಗೆ ಇದನ್ನ ಕಟ್ಟು ಬೇ ಮಲಕಿ."

"ಹೋದ ವಾರನೂ ಕಟ್ಟೀನಲ್ಲ ಅತ್ತಿ."

"ಅದು ಸಣ್ಣ ಲಿಂಬಿ. ಇದು ದೊಡ್ಡದು."

ಮಲಕವ್ವ ದಾರದ ಗಂಟು ಬಿಡಿಸತೊಡಗಿದಳು. ದೃಷ್ಟಿಯಾಗಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು. ಮೊಳೆಯಾದರೂ ಒಳ್ಳೆಯದೇ. ಆದರೆ ಅವಳಿಗೆ ಮೂರನೆಯ ಒಂದು ಕಾರಣ ಗೊತ್ತಿತ್ತು. ಅದು ನಿಜವಾಗಿಯೂ ಕಾರಣ ಹೌದೋ ಅಲ್ಲವೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಕೇಳೋಣವೆಂದರೆ ಮೊದಲು ಹೇಳಬೇಕಾಗುತ್ತಿತ್ತು.

ಅವಳು ಮಮದಾಪುರದ ಕುರಿ ಸಾಕುವ ಮನೆಯ ಮಗಳು. ಉಣ್ಣೆ ಕತ್ತರಿಸುವ ಕತ್ತರಿಗಳನ್ನು ಮಸೆಯುವುದು ಆ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸ. ಆಯುಧಗಳನ್ನು ಪೂಜಿಸುವ ಖಂಡೇನವಮಿಯ ದಿನ ಮೊಂಡ ಆಯುಧವನ್ನು ದೇವಿಯ ಮುಂದೆ ಇಡುವುದೆಂದರೆ ಖಾಲಿ ತಾಟು ಇಟ್ಟ ಹಾಗೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಗಂಡನ ಮನೆಗೆ ಬಂದ ಮೇಲೂ ಕುಡುಗೋಲು, ಕೊಡಲಿ, ಕೈಗರಗಸ, ಕುರ್ಪಿ ಎಲ್ಲವೂ ಆ ಹಬ್ಬಕ್ಕೆ ಅವಳ ಕೈಯಿಂದಲೇ ಹೊಳೆಯುತ್ತಿದ್ದವು. ಎಂಜಿನ್ ಗರಗಸದ ಚೈನನ್ನು ಮಾತ್ರ ವಿಜಾಪುರದ ಮಿಸ್ತ್ರಿಯ ಹತ್ತಿರ ಹರಿತ ಮಾಡಿಸುತ್ತಿದ್ದರು. ಈ ವರ್ಷ ಹಬ್ಬದ ಹಿಂದಿನ ದಿನ ಶಂಕ್ರೆಪ್ಪ ಊರಲ್ಲಿರಲಿಲ್ಲ. ಅವಳು ಚೈನನ್ನು ಒರೆಸಲೆಂದು ಕೈಗೆತ್ತಿಕೊಂಡಳು. ಪ್ರತಿ ಹಲ್ಲಿನ ಮುಂದೆ ಬೆನ್ನು ಉಬ್ಬಿದಂಥ ಒಂದು ಮೊಂಡ ತುಂಡು, ಅದರ ಮಗ್ಗುಲಿಗೆ ಇನ್ನೊಂದು. ಅಷ್ಟು ಹರಿತವಾದ ಹಲ್ಲುಗಳ ನಡುವೆ ಇಷ್ಟು ಮೊಂಡ! ಇದನ್ನು ಹೇಗೆ ದೇವಿಯ ಮುಂದೆ ಇಡುವುದು? ಕಬ್ಬಿಣ ತಿಕ್ಕುವ ಕಾನಸ ತಂದು ಎರಡು ತಾಸು ಕುಳಿತು, ಎಲ್ಲ ಉಬ್ಬುಗಳನ್ನೂ ತಿಕ್ಕಿ ಇಳಿಸಿ, ಮುಂದಿನ ಅಂಚನ್ನು ಹರಿತ ಮಾಡಿಟ್ಟಳು.

ಹಬ್ಬದ ಮರುದಿನ ಚೈನು ಹಿಂದೆಂದೂ ಇಲ್ಲದಷ್ಟು ಬೇಗ ಕೊಯ್ದಿತು. "ದೇವಿ ಕಸು ತುಂಬ್ಯಾಳ ನೋಡು, ಬೆಣ್ಣಿ ಕೊಯ್ದಂಗ ಕೊಯ್ತದ" ಎಂದು ಶಂಕ್ರೆಪ್ಪ ಹಿಗ್ಗಿದ. ಅವಳು ನಕ್ಕು ಸುಮ್ಮನಾಗಿದ್ದಳು. ಚೆನ್ನಾಗಿ ಕೊಯ್ಯುವುದೂ ಅದೇ ಚೈನು, ಜಿಗಿಯುವುದೂ ಅದೇ ಚೈನು. ಹಾಗಿದ್ದರೆ ತಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ?

ಶಂಕ್ರೆಪ್ಪ ಒಳಗೆ ಬಂದು ಅಂಗಿ ಕೇಳಿದ.

"ಸೋಮವಾರ ಕಾಖಂಡಕಿಗೆ ಹೋಗಬೇಕು" ಎಂದ. "ಹುಡುಗರ ಸಾಲಿ ಮ್ಯಾಲ ಒರಗಿದ ಹುಣಸಿ ಗಿಡ ಐತಲ್ಲ, ಅದನ್ನ ಕಡೀಬೇಕು. ಏಣಿ ಮ್ಯಾಲ ನಿಂತು ಟೊಂಗಿ ಇಳಸೂದು."

ಏಣಿ ಎಂಬ ಮಾತು ಕೇಳಿದ ಕೂಡಲೇ ಮಲಕವ್ವನ ಕೈ ನಿಂತಿತು.

"ಅದಕ್ಕೂ ಮೊದಲ ಮಷೀನ್ ವಿಜಾಪುರಕ್ಕ ಒಯ್ದು ತೋರಿಸಿಕೊಂಡು ಬರೂಣ್ರಿ."

"ಬರೂಣು ಅಂದ್ರ? ನೀ ಯಾಕ? ನೀ ಏನ್ ಮಿಸ್ತ್ರಿನ?"

"ನನಗ ದಾರ ತರೂದೈತಿ."

"ದಾರ ತಿಕೋಟಾದಾಗ ಸಿಗೂದಿಲ್ಲೇನು?"

"ಈ ಬಣ್ಣದ್ದು ಸಿಗೂದಿಲ್ಲ" ಎಂದಳು. ಬಿಳಿ ದಾರ ಅವಳ ಮಡಿಲಲ್ಲೇ ಇತ್ತು. ಅವನು ಅದನ್ನು ನೋಡಿ, "ಆತು, ಹೋಗೂಣು" ಎಂದ.

ಶನಿವಾರ ಮಷೀನನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. "ಚೀಲದಾಗ ಏನೈತ್ರಿ, ಕೋಳಿ ಆದ್ರ ಟಿಕೀಟ ತಗೋಬೇಕಾಗ್ತದ" ಎಂದ ಕಂಡಕ್ಟರ. "ಕೋಳಿ ಅಲ್ಲ ಮಾರಾಯಾ, ಮುಟ್ಟಿ ನೋಡು, ಕಚ್ತದ" ಎಂದ ಶಂಕ್ರೆಪ್ಪ. ಬಸ್ಸಿನವರೆಲ್ಲ ನಕ್ಕರು. ಮಲಕವ್ವನಿಗೆ ನಗು ಬರಲಿಲ್ಲ.

ವಿಜಾಪುರದ ಶಹಾಪುರ ಅಗಸಿ ಬಾಗಿಲ ಹತ್ತಿರ ಮಿಸ್ತ್ರಿ ಮಶಾಕಸಾಬನ ಎಂಜಿನ್ ರಿಪೇರಿ ಅಂಗಡಿ. ಅವತ್ತು ಅವನು ಇರಲಿಲ್ಲ. ಅವನ ಹೆಂಡತಿ ಸಕೀನಾ ಹಲಗೆಯ ಮೇಲೆ ಕುಳಿತು ಯಾರದೋ ಚೈನಿಗೆ ಕಾನಸ ಹಾಕುತ್ತಿದ್ದಳು. ಮಲಕವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಬಲಗೈಗೆ ದಪ್ಪ ಬಟ್ಟೆ ಸುತ್ತಿಕೊಂಡಿದ್ದಳು.

"ಮಶಾಕಸಾಬರು ಇಲ್ಲೇನ್ರಿ?"

"ಬಬಲೇಶ್ವರಕ್ಕ ಹೋಗ್ಯಾರ್ರಿ ಶಂಕ್ರೆಪ್ಪಣ್ಣಾ, ಪಂಪ ಕೆಟ್ಟೈತಂತ. ಬರ್ರಿ, ಕೂಡ್ರಿ. ಏನಾಗೇತಿ?"

"ಅವರು ಬರಲಿ ಬಿಡ್ರಿ. ಕಾಯ್ತೀವಿ."

"ಕಾಯ್ರಿ, ಚಹಾ ಕೊಡ್ತೀನಿ. ಆದ್ರ ಅವರು ಬಂದ್ರೂ ಚೈನ್ ಬಿಚ್ಚಿ ನನ್ನ ಕೈಯಾಗನ ಕೊಡ್ತಾರ. ಎಂಜಿನ್ ಅವರದು, ಹಲ್ಲು ನಂದು. ಇಷ್ಟ ದಿನ ನಿಮ್ಮ ಚೈನ್ ಯಾರು ಹರಿತ ಮಾಡ್ಯಾರ ಅಂತ ತಿಳದೀರಿ?"

ಶಂಕ್ರೆಪ್ಪ ಮುಖ ಸಣ್ಣದು ಮಾಡಿಕೊಂಡು ಚೀಲ ಬಿಚ್ಚಿದ. ಸಕೀನಾ ಮಷೀನಿಗೆ ಕಟ್ಟಿದ್ದ ಲಿಂಬೆಹಣ್ಣನ್ನು ಬದಿಗಿಟ್ಟು, ಚೈನನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪ ಸರಿಸಿದಳು. ಎರಡನೆಯ ಹಲ್ಲಿಗೇ ಅವಳ ಕೈ ನಿಂತಿತು.

"ಯಾ ಅಲ್ಲಾ! ಇದರ ಮೂಗು ಕೊಯ್ದಾಂವ ಯಾರ್ರಿ?"

"ಯಾರೂ ಇಲ್ಲ. ಕಂಪನಿಯಿಂದನ ಹಂಗ ಬಂದೈತಿ" ಎಂದ ಶಂಕ್ರೆಪ್ಪ.

ಸಕೀನಾ ಎದ್ದು ಹೋಗಿ ಡಬ್ಬಿಯಿಂದ ಹೊಸ ಚೈನು ತಂದು ಹಳೆಯದರ ಮಗ್ಗುಲಿಗೆ ಇಟ್ಟಳು. ಅಂಥದೇ ಚೈನು. ಆದರೆ ಹೊಸದರಲ್ಲಿ ಹಲ್ಲಿನ ಮುಂದೆ ದುಂಡನೆಯ ಉಬ್ಬು, ಅದರ ಪಕ್ಕ ಇಳಿಜಾರಾದ ಇನ್ನೊಂದು ತುಂಡು. ಹಳೆಯದರಲ್ಲಿ ಎರಡೂ ಸವೆದು ಮೊನೆಯಾಗಿದ್ದವು.

"ನೋಡ್ರಿ. ಈ ಹಲ್ಲು ಕಟಗಿ ಕೊಯ್ತದ. ಅದರ ಮುಂದಿನ ಈ ಡುಬ್ಬ, ಹಲ್ಲು ಎಷ್ಟ ಆಳ ಕಚ್ಚಬೇಕು ಅಂತ ಹೇಳ್ತದ. ಹೊಲದಾಗ ಎಡಿ ಹೊಡಿಯೂ ಮುಂದ ಬೆಳಿ ತಿನ್ನದಂಗ ಎತ್ತಿನ ಬಾಯಿಗೆ ಕುಕ್ಕಿ ಕಟ್ಟತೀರಿಲ್ಲೊ, ಹಂಗ. ಈ ಇಳಿಜಾರಿಂದು ಕಾವಲಗಾರ. ಪಟ್ಟಿಯ ಮೂಗು ಎಲ್ಯಾರ ತಾಗಿದ್ರ, ಹಲ್ಲು ಒಮ್ಮೆಲೆ ಕಚಕ್ಕನ ಕಚ್ಚದಂಗ ಕಟಗೀನ ಮೆಲ್ಲಕ ದೂಡ್ತದ. ಮಷೀನ್ ಹಿಂದ ಒದಿಯೂದು ಕಡಿಮಿ ಆಗಲಿ ಅಂತನ ಈ ಚೈನ್ ಮಾಡ್ಯಾರ. ನಿಮ್ಮದರಾಗ ಕುಕ್ಕಿನೂ ಇಲ್ಲ, ಕಾವಲಗಾರನೂ ಇಲ್ಲ."

"ಅಲ್ಲರಿ, ಇದು ಬೆಣ್ಣಿ ಕೊಯ್ದಂಗ ಕೊಯ್ತದಲ್ಲ?"

"ಕೊಯ್ಲಾರದ ಏನ್ ಮಾಡ್ತದ? ಕುಕ್ಕಿ ಇಲ್ಲದ ಎತ್ತೂ ಜ್ವಾಳ ಚಲೋನ ಮೇಯ್ತದ. ಮೂಗು ತಾಗಿದ ದಿನ ಕೈಯಾಗಿನ ಮಷೀನ್ ಮೋತಿಗೆ ಬರ್ತದ. ಬಂದೈತೇನು?"

ಶಂಕ್ರೆಪ್ಪನ ಕೈ ತಾನಾಗಿಯೇ ಎಡ ಭುಜದ ಕಡೆ ಹೋಯಿತು. ಆದರೂ ತಲೆಯಾಡಿಸಿದ. "ಹಂಗಾದ್ರ ಕಂಪನಿಯವರ ಮೋಸ. ನಾ ಅಂತೂ ಮುಟ್ಟಿಲ್ಲ."

"ಅವರು ಮುಟ್ಟಿಲ್ಲ" ಎಂದಳು ಮಲಕವ್ವ. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. "ನಾ ತಿಕ್ಕೀನಿ."

"ನೀನ?"

"ಹೂಂ. ಖಂಡೇನವಮಿ ಹಿಂದಿನ ದಿನ. ಮೊಂಡ ಇತ್ತಲ್ಲ ಅಂತ."

ಶಂಕ್ರೆಪ್ಪ ಅವಳನ್ನೇ ನೋಡಿದ. "ನಾ ದೇವಿ ಅಂದ್ಕೊಂಡಿದ್ದೆ."

"ದೇವಿ ಅಲ್ಲರಿ. ನಾನ."

ಅವನು ಬೈಯುತ್ತಾನೆಂದು ಕಾದಳು. ಬೈದಿದ್ದರೆ ಅಳಬಹುದಿತ್ತು, ಇಲ್ಲವೇ ಎದುರು ಮಾತಾಡಬಹುದಿತ್ತು. ಅವನು ಬೈಯಲಿಲ್ಲ. ಹೊಸ ಚೈನನ್ನೂ ಹಳೆಯದನ್ನೂ ಒಂದಾದ ಮೇಲೊಂದು ಎತ್ತಿ ನೋಡುತ್ತ ಕುಳಿತ. ಅವನ ಸಿಟ್ಟಿಗಿಂತ ಈ ಮೌನ ಅವಳನ್ನು ಹೆಚ್ಚು ಗಲಿಬಿಲಿ ಮಾಡಿತು. ಇಷ್ಟು ವರ್ಷ ಒಳ್ಳೆಯ ಹೆಸರು ತಂದ ಕೈ ಇದು. ಅದೇ ಕೈ ಗಂಡನ ಕುತ್ತಿಗೆಯ ಹತ್ತಿರ ಎರಡು ಬೆರಳಿನ ತನಕ ಹೋಗಿ ಬಂದಿತ್ತು.

ಸಕೀನಾ ಚಹಾದ ಬಟ್ಟಲು ಮುಂದಿಟ್ಟಳು. "ನಿಮಗೊಂದ ಮಾತ ಹೇಳ್ಲೇನು ಅಕ್ಕಾ? ನಮ್ಮವರ ಗಡ್ಡ ನೋಡೀರಿಲ್ಲೊ? ಮಂದಿ ಭಕ್ತಿಗೆ ಬಿಟ್ಟಾರ ಅಂತಾರ. ಗದ್ದದ ಮ್ಯಾಲ ಅರ್ಧ ಗೇಣು ಹೊಲಿಗಿ ಐತಿ, ಅದನ್ನ ಮುಚ್ಚಾಕ. ಮೊದಲನೇ ವರ್ಷ ನಾನೂ ಹಿಂಗ ತಿಕ್ಕಿದ್ದೆ."

ಶಂಕ್ರೆಪ್ಪ ನಕ್ಕುಬಿಟ್ಟ. "ಹೌದೇನ್ರಿ? ಆ ಗಾಯದ ಸುದ್ದಿ ನನ್ನ ಮುಂದ ಸಿಂಹ ಹೊಡದಂಗ ಹೇಳಿದ್ದ ಅಂವಾ!"

"ಸಿಂಹನೂ ಇಲ್ಲ ಬೆಕ್ಕೂ ಇಲ್ಲ. ನಾನ."

ಆಮೇಲೆ ಸಕೀನಾ ದುಂಡನೆಯ ಕಾನಸವನ್ನು ಮಲಕವ್ವನ ಕೈಗೆ ಕೊಟ್ಟಳು. ಎಂಜಿನ್ ನಿಂತಿರಬೇಕು, ಪಟ್ಟಿ ಅಲುಗದಂತೆ ಬಿಗಿಯಾಗಿರಬೇಕು, ಕೈಗೆ ಬಟ್ಟೆ ಇರಬೇಕು. ಕಾನಸ ಚೈನಿಗೆ ಹೊಂದುವ ಗಾತ್ರದ್ದೇ ಆಗಬೇಕು; ಮನೆಯಲ್ಲಿ ಸಿಕ್ಕಿದ್ದು ನಡೆಯುವುದಿಲ್ಲ. ಮಲಕವ್ವ ಅಭ್ಯಾಸದಂತೆ ಮುಂದೆ ದೂಡಿ ಹಿಂದಕ್ಕೂ ಎಳೆದಳು.

"ಹಿಂದ ಎಳೀಬ್ಯಾಡ್ರಿ ಬೇ. ಒಳಗಿಂದ ಹೊರಗ, ಒಂದ ಕಡೆ ದೂಡೂದು. ಎತ್ತಿ ತರೂದು, ಮತ್ತ ದೂಡೂದು. ಹಲ್ಲಿನ ಓರೆ ಎಷ್ಟೈತಿ, ಕಾನಸನೂ ಅಷ್ಟ ಓರೆ."

"ಎಷ್ಟ ಸಲ?"

"ಹೊಳಪು ಬರೂ ತನಕ. ಒಂದ ಹಲ್ಲಿಗೆ ಮೂರಾದ್ರ ಎಲ್ಲಾದಕ್ಕೂ ಮೂರು. ಒಂದು ಉದ್ದ ಒಂದು ಗಿಡ್ಡ ಆದ್ರ ಚೈನ್ ವಾರೆ ಎಳೀತದ. ಒಂದ ಮಗ್ಗಲಿನ ಹಲ್ಲು ಮುಗಿಸಿ ಆಮ್ಯಾಲ ಇನ್ನೊಂದ ಮಗ್ಗಲು."

"ಡುಬ್ಬಕ್ಕ ಕಾನಸ ಮುಟ್ಟಿಸಲೇ ಬಾರದು. ಹೌದಿಲ್ಲೊ?"

"ಮುಟ್ಟಿಸಬೇಕು."

ಮಲಕವ್ವ ಕಾನಸ ಕೆಳಗಿಟ್ಟಳು. "ಈಗ ಬ್ಯಾಡ ಅಂದ್ರಿ!"

"ಕೇಳ್ರಿಲ್ಲೆ. ಹರಿತ ಮಾಡಿದಂಗ ಹಲ್ಲು ಸವದು ಸಣ್ಣದಾಗ್ತದ. ಡುಬ್ಬ ಇದ್ದಷ್ಟ ಎತ್ತರ ಉಳೀತದ. ಆವಾಗ ಹಲ್ಲಿಗೆ ಕಟಗಿ ಸಿಗೂದಿಲ್ಲ. ಅದಕ್ಕ ಮೂರು ನಾಕು ಸಲ ಹರಿತ ಮಾಡಿದ ಮ್ಯಾಲ ಈ ತಗಡು ಇಟ್ಟು ನೋಡೂದು." ಸಂದಿಯಿದ್ದ ಒಂದು ಸಣ್ಣ ಅಳತೆಯ ತಗಡನ್ನು ಸಕೀನಾ ಚೈನಿನ ಮೇಲೆ ಇಟ್ಟು ತೋರಿಸಿದಳು. "ಸಂದ್ಯಾಗಿಂದ ಡುಬ್ಬ ಮ್ಯಾಲ ಬಂದ್ರ, ಬಂದಷ್ಟ ಮಾತ್ರ ಚಪ್ಪಟಿ ಕಾನಸದಿಂದ ತಿಕ್ಕಿ, ಮುಂದಿನ ಮೂಲಿ ಮತ್ತ ದುಂಡಗ ಮಾಡಬೇಕು. ಕೂದಲೆಳಿ ಹೆಚ್ಚಿಲ್ಲ. ಕಾವಲಗಾರನ್ನ ಅಂತೂ ಎಂದೂ ಮುಟ್ಟಬಾರದು."

ಮಲಕವ್ವನಿಗೆ ತಲೆ ಗಿರ್ರೆಂದಿತು. ಉಣ್ಣೆಯ ಕತ್ತರಿಯಲ್ಲಿ ಇಂಥ ಗೊಂದಲವಿರಲಿಲ್ಲ. ಬುಡದಿಂದ ತುದಿಯ ತನಕ ಹರಿತವಾಗಿದ್ದರೆ ಒಳ್ಳೆಯ ಕತ್ತರಿ, ಅಷ್ಟೇ. ಇಲ್ಲಿ ಒಂದು ಹರಿತವಾಗಬೇಕು, ಅದರ ಮುಂದಿನದು ಅಳತೆಗೆ ತಕ್ಕಷ್ಟು ಇಳಿಯಬೇಕು, ಪಕ್ಕದ್ದು ಮೊಂಡಾಗಿಯೇ ಉಳಿಯಬೇಕು. ಯಾವುದಕ್ಕೆ ಎಷ್ಟು ಎಂದು ಮೂರು ಸಲ ತಪ್ಪು ಹೇಳಿದಳು. ನಾಲ್ಕನೆಯ ಸಲ ಮಾತು ಬಿಟ್ಟು, ಹೊಸ ಚೈನಿನ ಮೇಲೆ ಬೆರಳಾಡಿಸಿದಳು. ಹಲ್ಲು, ಡುಬ್ಬ, ಕಾವಲಗಾರ. ಹಲ್ಲು, ಡುಬ್ಬ, ಕಾವಲಗಾರ. ಬಾಯಿಗೆ ಬಾರದ್ದು ಬೆರಳಿಗೆ ಬಂತು.

"ಹಳೇದನ್ನ ರಿಪೇರಿ ಮಾಡಾಕ ಬರೂದಿಲ್ಲೇನು?" ಎಂದ ಶಂಕ್ರೆಪ್ಪ.

"ಸವದ ಕಬ್ಬಿಣ ಮತ್ತ ಬೆಳೀತದೇನ್ರಿ ಅಣ್ಣಾ? ಅದರ ಆಯುಷ್ಯ ಮುಗೀತು. ಮತ್ತ ಹೊಸಾದು ಹಾಕಿದೆ ಅಂತ ಮೈಮರೀಬ್ಯಾಡ್ರಿ. ಒದಿಯೂದು ಕಡಿಮಿ ಆಗ್ತದ, ಪೂರಾ ನಿಂದ್ರೂದಿಲ್ಲ. ಎರಡೂ ಕೈಲೆ ಹಿಡೀರಿ, ಹೆಬ್ಬಟ್ಟು ಹಿಡಿಕಿ ಸುತ್ತ ಇರಲಿ. ಪಟ್ಟಿ ಮೂಗಿನಿಂದ ಕೊಯ್ಬ್ಯಾಡ್ರಿ. ಏಣಿ ಮ್ಯಾಲ ನಿಂತು, ಹೆಗಲಿಗಿಂತ ಮ್ಯಾಲ ಎತ್ತಿ ಅಂತೂ ಕೊಯ್ಲೇಬ್ಯಾಡ್ರಿ."

ಮಲಕವ್ವ ಗಂಡನನ್ನು ನೋಡಿದಳು. ಅವನು ಅಗಸಿಯ ಕಡೆ ನೋಡಿದ.

ಹೊಸ ಚೈನು, ಅದಕ್ಕೆ ತಕ್ಕ ಕಾನಸ, ಅಳತೆಯ ತಗಡು ತೆಗೆದುಕೊಂಡು ಇಬ್ಬರೂ ಊರಿಗೆ ಬಂದರು. ದಾರ ತರಲಿಲ್ಲ, ಯಾರೂ ಕೇಳಲೂ ಇಲ್ಲ.

ಭಾನುವಾರ ಅಡ್ಡೆಯಲ್ಲಿ ಶಂಕ್ರೆಪ್ಪ ಚೈನು ಏರಿಸಿದ. ಚೈನು ಪಟ್ಟಿಯ ಕೆಳಗೆ ಜೋತು ಬೀಳಬಾರದು, ಆದರೆ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಸಕೀನಾ ಹೇಳಿದ ಆ ಮಾತನ್ನು ಮಲಕವ್ವ ಎರಡು ಸಲ ನೆನಪಿಸಿದಳು. ಎಣ್ಣೆ ಹಾಕಿ ಶುರು ಮಾಡಿದರು. ಬೇವಿನ ದಿಮ್ಮಿ ಸ್ವಲ್ಪ ನಿಧಾನವಾಗಿ, ಆದರೆ ಒಂದೇ ಸಮನೆ ಕೊಯ್ದುಕೊಂಡು ಹೋಯಿತು. ಮಷೀನು ಕೈಯಲ್ಲಿ ತೊನೆಯಲಿಲ್ಲ. ಕೆಳಗೆ ಬಿದ್ದದ್ದು ಹಿಟ್ಟಿನಂಥ ಪುಡಿಯಲ್ಲ, ಒಳ್ಳೆಯ ಚಕ್ಕೆ.

"ತಡಾ ಆಗ್ತದ" ಎಂದ ಶಂಕ್ರೆಪ್ಪ. ಆಮೇಲೆ, ಅವಳ ಮುಖ ನೋಡಿ, "ಆದ್ರ ಆಗಲಿ. ಮೋತಿ ಉಳೀತದ" ಎಂದ.

ಗೌರಾಬಾಯಿ ದೊಡ್ಡ ಲಿಂಬೆಹಣ್ಣು ಹಿಡಿದು ಬಂದಳು. "ಹೊಸಾದಕ್ಕೂ ಒಂದ ಕಟ್ಟಲೇ ಶಂಕ್ರ್ಯಾ."

"ಬಾಗಲಕ್ಕ ಕಟ್ಟು ಯವ್ವಾ. ಮಷೀನಿಗೆ ಕಟ್ಟಿದ್ರ ದಾರ ಚೈನಿನ್ಯಾಗ ಸಿಗ್ತದ."

"ಹಂಗಂದ್ರ ದೃಷ್ಟಿ ಅಲ್ಲಾ ಅಂತೀಯೇನು?"

"ದೃಷ್ಟೀನ ಯವ್ವಾ. ಯಾರೂ ದೃಷ್ಟಿ ಇಟ್ಟು ಚೈನ್ ನೋಡಿದ್ದಿಲ್ಲ."

ಗೌರಾಬಾಯಿಗೆ ಅದು ಅರ್ಥವಾಯಿತೋ ಇಲ್ಲವೋ, ಮಗನ ಹರಿದ ಅಂಗಿಯನ್ನು ನೆನೆದು, "ಮಲಕಿ, ದಿನಾ ನೀನ ನೋಡಿ ಕೊಡು ಬೇ ಅದನ್ನ" ಎಂದಳು. ಸೋಮವಾರ ಕಾಖಂಡಕಿಯಲ್ಲಿ ಶಂಕ್ರೆಪ್ಪ ಏಣಿಯ ಮೇಲೆ ಮಷೀನು ಒಯ್ಯಲಿಲ್ಲ. ಎತ್ತರದ ಟೊಂಗೆಗಳನ್ನು ಕೈಗರಗಸದಿಂದ ಕೊಯ್ದು, ಹಗ್ಗ ಕಟ್ಟಿ ಇಳಿಸಿ, ಬೊಡ್ಡೆಯನ್ನಷ್ಟೇ ನೆಲದ ಮೇಲೆ ನಿಂತು ಮಷೀನಿನಿಂದ ಕೊಯ್ದ. ಒಂದು ದಿನದ ಕೆಲಸ ಎರಡು ದಿನವಾಯಿತು. ಅಂಗಿ ಹರಿಯದೆ ಮನೆಗೆ ಬಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಂಜಿನ್ ಗರಗಸವಿದ್ದರೆ ಇವತ್ತೇ ಅದನ್ನು ನಿಲ್ಲಿಸಿ, ಚೈನನ್ನು ಬೆಳಕಿಗೆ ಹಿಡಿದು ನೋಡಿ. ಚಕ್ಕೆಯ ಬದಲು ಪುಡಿ ಬಿದ್ದರೆ, ಹೊಗೆಯಾಡಿದರೆ, ಒತ್ತಿ ಹಿಡಿಯಬೇಕಾಗಿ ಬಂದರೆ ಹಲ್ಲು ಮೊಂಡಾಗಿದೆ ಎಂದು ತಿಳಿಯಿರಿ; ಹಲ್ಲನ್ನು ಹರಿತ ಮಾಡಿ. ಅದರ ಮುಂದಿನ ಉಬ್ಬಿಗೆ ಅಳತೆಯ ತಗಡು ಹೇಳಿದಷ್ಟೇ ಕಾನಸ ಹಾಕಿ. ಕಾವಲಿರುವ ತುಂಡನ್ನು ಮುಟ್ಟಬೇಡಿ. ಚೈನು ಬದಲಿಸುವಾಗ ಒದೆತ ಕಡಿಮೆ ಮಾಡುವ ಅಂಥದನ್ನೇ ಕೇಳಿ ತನ್ನಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಮಲಕವ್ವ ಎರಡು ತಾಸಿನಲ್ಲಿ ಮಾಡಿದ ತಪ್ಪಿನ ಬಗ್ಗೆ ಕೇಳುವುದಕ್ಕೆ ಮೂರು ವಾರ ತಡ ಮಾಡಿದಳು. ನೀವು ಅಷ್ಟು ತಡ ಮಾಡಬೇಡಿ.

ಮಂಗಳವಾರ ಸಂಜೆ ಊಟಕ್ಕೆ ಕುಳಿತಾಗ ಶಂಕ್ರೆಪ್ಪ ಹೇಳಿದ: "ಆ ಹಳೇ ಚೈನ್ ಒರಸಿ ಇಡು. ಕಳ್ಳಕವಟಗಿ ಊರ ತುಕಾರಾಮ ನಾಳೆ ಬರ್ತಾನ. ಅಂವನೂ ಇಂಥಾದ ಮಷೀನ್ ತಗೊಂಡಾನ."

"ಅದನ್ನ ಅವರಿಗೆ ಕೊಡಬ್ಯಾಡ್ರಿ."

"ಅಂವಾ ತೆಳ್ಳನ ಜಾಲಿ ಕಡಿಯಾಂವ. ಏನಾಗ್ತದ? ಜ್ವಾಕಿ ಮಾಡು ಅಂತ ಹೇಳ್ತೀನಿ."

ಮಲಕವ್ವ ತನ್ನ ತಾಟನ್ನು ಹತ್ತಿರ ಎಳೆದುಕೊಂಡಳು. ಕೆಡಿಸಿದವಳು ತಾನು, ಯಾವ ಬಾಯಿಂದ ವಾದ ಮಾಡುವುದು? ತುಕಾರಾಮನನ್ನು ಅವಳು ಎರಡು ಸಲ ನೋಡಿದ್ದಳು. ಅವನ ಹೆಂಡತಿಯನ್ನು ನೋಡಿರಲಿಲ್ಲ, ಹೆಸರೂ ತಿಳಿಯದು. ಆದರೆ ರೊಟ್ಟಿ ಮುರಿಯುವಾಗ ಆ ಹೆಂಗಸು ಕಣ್ಣಿಗೆ ಬಂದಳು. ಎಲ್ಲೋ ಒಂದು ಪಡಸಾಲೆಯಲ್ಲಿ ಕುಳಿತು, ಹರಿದ ಅಂಗಿಯನ್ನು ಬೆಳಕಿಗೆ ಹಿಡಿದು, ಯಾಕೆ ಹೀಗಾಯಿತೆಂದು ತಿಳಿಯದೆ ಬೆರಳಿಟ್ಟು ಅಳೆಯುತ್ತಿದ್ದಳು. ಆ ಅಂಗಿಯಲ್ಲಿ ಎರಡು ಬೆರಳಿನ ಜಾಗ ಉಳಿದಿರುತ್ತದೆ ಎಂದು ಯಾರು ಹೇಳಬೇಕು?

"ಕೇಳಿಸ್ತೇನು?" ಎಂದ ಶಂಕ್ರೆಪ್ಪ.

"ಹೂಂ, ಕೇಳಿಸ್ತು" ಎಂದಳು.

ನಾಳೆ ಬೆಳಿಗ್ಗೆ ಅವನು ಅಡ್ಡೆಗೆ ಹೋದ ಮೇಲೆ, ಅತ್ತೆ ನೀರಿಗೆ ಹೋದ ಹೊತ್ತು ನೋಡಿ, ಚೈನನ್ನು ಹಿತ್ತಲ ಕಲ್ಲಿನ ಮೇಲಿಟ್ಟು, ಉಳಿಯಿಂದ ಯಾರೂ ಮತ್ತೆ ಜೋಡಿಸಲಾಗದಷ್ಟು ತುಂಡು ಮಾಡಬೇಕು. ಆಮೇಲೆ ಏನು ಕೇಳಿದರೂ ಕೇಳಲಿ. ಹಾಗೆಂದುಕೊಂಡು ಮಲಕವ್ವ ಗಂಡನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.